ಹೊಸ ಮನೆಯ ಮೊದಲ ಅನ್ನದಿಂದ ಹಿಂದಕ್ಕೆ ಎಣಿಸಿ

ವರ್ಗಾವಣೆಯ ಆದೇಶ ಕೈಗೆ ಬಂದ ಸಂಜೆ ಮೊದಲು ಫೋನ್ ಮಾಡಿದ್ದು ಅಮ್ಮನಿಗೆ. ಜನವರಿಯ ಕೊನೆಯ ವಾರ. ಮೈಸೂರಿನ ಸರಸ್ವತಿಪುರಂನ ಬಾಡಿಗೆ ಮನೆಯಿಂದ ದೆಹಲಿಗೆ ಹೋಗಬೇಕು, ರಸ್ತೆಯಲ್ಲಿ ಸುಮಾರು 2,300 ಕಿಲೋಮೀಟರ್ ದೂರ. ಏಪ್ರಿಲ್ ಎರಡನೇ ವಾರದೊಳಗೆ ಅಲ್ಲಿ ಹಾಜರಾಗಬೇಕು. ಮನೆಯಲ್ಲಿ ನಾವು ನಾಲ್ವರು: ನಾನು, ನಮ್ಮವರು, ನಾಲ್ಕನೇ ತರಗತಿಯ ಮಗಳು, 74 ವರ್ಷದ ಅತ್ತೆ. ಖರ್ಚೆಷ್ಟು, ಯಾವ ಬಡಾವಣೆ, ಯಾರ ಲಾರಿ ಎಂದೆಲ್ಲ ಅಮ್ಮ ಕೇಳಬಹುದು ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಹೋಗಿ ಇಳಿದ ದಿನ ಅನ್ನಕ್ಕೆ ಎಲ್ಲಿ ಇಡ್ತೀಯ?"

ಅಪ್ಪ ಬ್ಯಾಂಕಿನಲ್ಲಿದ್ದವರು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಮಂಗಳೂರಿನಲ್ಲಿ ಹುಟ್ಟಿದ ಕೆನರಾ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಎರಡೂ ಆ ಪಟ್ಟಿಯಲ್ಲಿದ್ದವು. 1980ರಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ಸೇರಿದವು. ದೇಶದ ಮೂಲೆಮೂಲೆಗಳಲ್ಲಿ ಶಾಖೆ ತೆರೆದಂತೆಲ್ಲ ಕರಾವಳಿಯ, ಘಟ್ಟದ ಮೇಲಿನ ಎಷ್ಟೋ ಕನ್ನಡ ಸಂಸಾರಗಳು ಮೂರು ವರ್ಷಕ್ಕೊಮ್ಮೆ ಟ್ರಂಕು, ಹೋಲ್ಡಾಲ್ ಕಟ್ಟಿಕೊಂಡು ಭಾಷೆ ಬಾರದ ಊರುಗಳಲ್ಲಿ ಇಳಿದವು. ಅಮ್ಮ ಅಂಥ ಆರು ವರ್ಗಾವಣೆಗಳನ್ನು ಕಂಡವಳು. ಬ್ಯಾಂಕಿನ ಪರೀಕ್ಷೆಗಳನ್ನು ಬರೆದವರು ಅಪ್ಪ. ಸಂಸಾರವನ್ನು ಒಂದೂರಿನಿಂದ ಕಿತ್ತು ಇನ್ನೊಂದೂರಿನಲ್ಲಿ ನೆಡುವ ವಿದ್ಯೆ ಕಲಿತವಳು ಅಮ್ಮ.

ನಾವೆಲ್ಲ ಇವತ್ತಿನಿಂದ ಮುಂದಕ್ಕೆ ಯೋಚಿಸುತ್ತೇವೆ: ರಟ್ಟಿನ ಡಬ್ಬ ತರೋಣ, ತುಂಬೋಣ, ಲಾರಿ ಕರೆಸೋಣ, ಹೋದಮೇಲೆ ನೋಡಿಕೊಳ್ಳೋಣ. ಅಮ್ಮನ ಎಣಿಕೆ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಹೊಸ ಮನೆಯಲ್ಲಿ ಮೊದಲ ಅನ್ನ ಬೇಯುವ ಹೊತ್ತನ್ನು ಆಕೆ ಮೊದಲು ನಿಗದಿ ಮಾಡುತ್ತಿದ್ದಳು. ಅನ್ನಕ್ಕೆ ಒಲೆ ಬೇಕು, ಒಲೆಗೆ ಗ್ಯಾಸ್ ಬೇಕು, ಗ್ಯಾಸಿಗೆ ವಿಳಾಸದ ಕಾಗದ ಬೇಕು, ಕಾಗದಕ್ಕೆ ಬಾಡಿಗೆ ಕರಾರು ಬೇಕು. ಹೀಗೆ ಒಂದೊಂದೇ ಗಂಟು ಬಿಚ್ಚುತ್ತ ಬಂದರೆ ಇವತ್ತು ಮಾಡಬೇಕಾದ ಕೆಲಸ ತಾನಾಗಿಯೇ ಕಾಣುತ್ತದೆ. ದೂರದ ಊರಿಗೆ ಮನೆ ಬದಲಾಯಿಸುವ ಯಾರಿಗಾದರೂ ನಾನು ಹೇಳಬೇಕಾದದ್ದು ಇದೇ. ಲಾರಿಯಿಂದ ಶುರು ಮಾಡಬೇಡಿ, ಅನ್ನದಿಂದ ಶುರು ಮಾಡಿ.

ಕಾಗದ ಮೊದಲು ಹೊರಡಲಿ

ಸಾಮಾನು ಆರೇಳು ದಿನಗಳಲ್ಲಿ ಊರು ಮುಟ್ಟುತ್ತದೆ. ಕಾಗದಪತ್ರ ಮುಟ್ಟಲು ತಿಂಗಳುಗಳೇ ಬೇಕು. ಹಾಗಾಗಿ ನಮ್ಮ ಮನೆಯಿಂದ ಮೊದಲು ಹೊರಟಿದ್ದು ಒಂದು ಪ್ಲಾಸ್ಟಿಕ್ ಫೈಲು. ಫೆಬ್ರುವರಿಯಲ್ಲಿ ನಾನೊಬ್ಬಳೇ ದೆಹಲಿಗೆ ಹೋಗಿ ಮನೆ ನೋಡಿ, 11 ತಿಂಗಳ ಕರಾರು ಬರೆಸಿಕೊಂಡು ಬಂದೆ. ದೆಹಲಿಯಲ್ಲಿ ಬಾಡಿಗೆದಾರರ ಪೊಲೀಸ್ ಪರಿಶೀಲನೆ ಮಾಡಿಸುವುದು ಮಾಲೀಕರ ಹೊಣೆ. ಅದಕ್ಕೆ ಬೇಕಾದ ಫೋಟೊ, ಆಧಾರ್ ಪ್ರತಿಗಳನ್ನು ಆಗಲೇ ಕೊಟ್ಟುಬಂದೆ. ಆ ಕರಾರು ಪತ್ರವೇ ಸರಪಳಿಯ ಮೊದಲ ಕೊಂಡಿ. ಆಧಾರ್ ವಿಳಾಸ, ಬ್ಯಾಂಕು, ಗ್ಯಾಸು, ಸ್ಕೂಟರಿನ ನೋಂದಣಿ, ಎಲ್ಲವೂ ಅದರ ಹಿಂದೆಯೇ ಸಾಲಾಗಿ ನಿಲ್ಲುತ್ತವೆ.

ಮಗಳ ಶಾಲೆ ಎರಡನೇ ಕೊಂಡಿ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಬೇಸಿಗೆ ರಜೆ ಕಳೆದು ಬಾಗಿಲು ತೆರೆಯುವ ಹೊತ್ತಿಗೆ ದೆಹಲಿಯ ಮಕ್ಕಳು ಒಂದೂವರೆ ತಿಂಗಳ ಪಾಠ ಮುಗಿಸಿರುತ್ತಾರೆ. ಅಲ್ಲಿ ಹೊಸ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮೈಸೂರಿನ ರಜೆಯನ್ನು ನಂಬಿ ಜೂನ್‌ನಲ್ಲಿ ಹೋದರೆ ಸೀಟೂ ಇಲ್ಲ, ಪಾಠವೂ ಇಲ್ಲ. ವರ್ಗಾವಣೆಗೊಳ್ಳುವ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯಗಳಲ್ಲಿ ಆದ್ಯತೆ ಇದೆ. ಆದರೆ ಎರಡನೇ ತರಗತಿಯಿಂದ ಮೇಲೆ ಖಾಲಿ ಜಾಗ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಇನ್ನೊಂದು ಸಣ್ಣ ವಿಷಯ ದೊಡ್ಡ ತೊಂದರೆ ಕೊಡಬಲ್ಲದು. ಬೇರೆ ರಾಜ್ಯದಿಂದ, ಬೇರೆ ಮಂಡಳಿಯಿಂದ ಬರುವ ಮಕ್ಕಳ ಟಿ.ಸಿ.ಗೆ ಶಿಕ್ಷಣ ಇಲಾಖೆಯ ಅಧಿಕಾರಿಯ ಮೇಲುರುಜು ಕೇಳುತ್ತಾರೆ. ನಮ್ಮಲ್ಲಿ ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಹಾಕಿಸಬೇಕು. ಮರೆತು ಹೋದರೆ ಒಂದು ಸಹಿ, ಒಂದು ಮೊಹರಿಗಾಗಿ ಎರಡು ರಾತ್ರಿ ರೈಲಿನಲ್ಲಿ ಕೂತು ಮರಳಿ ಬರಬೇಕಾಗುತ್ತದೆ.

ಮೂರನೆಯದು ವಾಹನ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ವಾಹನಕ್ಕೆ ಆ ರಾಜ್ಯದ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಅರ್ಜಿ ನಮೂನೆ 28ರಲ್ಲಿ. ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಕೇಳಬಹುದು. ಹೊಸ ಊರಿನಲ್ಲಿ ತೆರಿಗೆ ಕಟ್ಟಿ ನೋಂದಣಿ ಮಾಡಿಸಿದ ದಾಖಲೆಯೊಂದಿಗೆ ಅರ್ಜಿ ಕೊಡಬೇಕು. ಪದೇ ಪದೇ ವರ್ಗಾವಣೆಯಾಗುವವರಿಗೆಂದೇ 2021ರ ಸೆಪ್ಟೆಂಬರ್‌ನಲ್ಲಿ ಬಿಎಚ್ ಸರಣಿ ಜಾರಿಗೆ ಬಂತು. ಸರ್ಕಾರಿ, ಸಾರ್ವಜನಿಕ ಉದ್ದಿಮೆಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಗಳ ನೌಕರರು ಅದನ್ನು ಪಡೆಯಬಹುದು. ಆ ಸಂಖ್ಯೆಯ ವಾಹನ ಯಾವ ರಾಜ್ಯಕ್ಕೆ ಹೋದರೂ ಮರುನೋಂದಣಿಯ ತಾಪತ್ರಯವಿಲ್ಲ.

ನಮ್ಮ ಡೀಸೆಲ್ ಕಾರಿಗೆ ಒಂಬತ್ತು ವರ್ಷ ತುಂಬಿತ್ತು. ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿರ್ಬಂಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸಲು ಹೇಳಿತು. ಆಮೇಲೂ ಈ ವಿಷಯ ಮತ್ತೆ ಮತ್ತೆ ಕೋರ್ಟಿನ ಮುಂದೆ ಬಂದಿದೆ, ಹಾಗಾಗಿ ಹೋಗುವವರು ಅಂದಂದಿನ ನಿಯಮ ನೋಡಿಕೊಳ್ಳಬೇಕು. ನಾವು ಕಾರನ್ನು ಮೈಸೂರಿನಲ್ಲೇ ಮಾರಿದೆವು. ಸ್ಕೂಟರನ್ನು ರೈಲಿನ ಪಾರ್ಸೆಲ್‌ನಲ್ಲಿ ಹಾಕಿದೆವು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿ, ಆರ್‌ಸಿ ಪ್ರತಿ ಕೊಟ್ಟರೆ ಅದು ಪಾರ್ಸೆಲ್ ವ್ಯಾನಿನಲ್ಲಿ ಬರುತ್ತದೆ.

ಘನ ಅಡಿಯ ಲೆಕ್ಕ

ಇನ್ನು ಸಾಮಾನು. ಪ್ಯಾಕರ್ಸ್‌ನವರು ಬಂದು ಮನೆ ನೋಡಿ ಲೆಕ್ಕ ಹಾಕುವುದು ಘನ ಅಡಿಯಲ್ಲಿ. 14 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ಲಾರಿ ಪೆಟ್ಟಿಗೆಯಲ್ಲಿ 504 ಘನ ಅಡಿ ಜಾಗ ಇರುತ್ತದೆ. ಬಾಡಿಗೆ ಕೊಡುವುದು ಆ ಜಾಗಕ್ಕೆ. ಅಂದಮೇಲೆ ಅಟ್ಟದ ಮೇಲೆ ಹತ್ತು ವರ್ಷದಿಂದ ಕೂತ ಮುರುಕು ಕುರ್ಚಿಗೂ 2,300 ಕಿಲೋಮೀಟರಿನ ಟಿಕೆಟ್ ತೆಗೆದಂತೆ. ಒಂದೊಂದು ವಸ್ತುವಿಗೂ ಮೂರು ಪ್ರಶ್ನೆ ಕೇಳಿಕೊಂಡೆವು. ಕಳೆದ ಒಂದು ವರ್ಷದಲ್ಲಿ ಇದನ್ನು ಬಳಸಿದ್ದೇವೆಯೆ? ಸಾಗಣೆಯ ಖರ್ಚಿಗಿಂತ ಕಡಿಮೆಗೆ ಅಲ್ಲಿ ಇದು ಸಿಗುತ್ತದೆಯೆ? ಇದಿಲ್ಲದಿದ್ದರೆ ಮನೆಯಲ್ಲಿ ಯಾರಿಗಾದರೂ ನೋವಾಗುತ್ತದೆಯೆ? ಮೂರನೆಯದಕ್ಕೆ ಹೌದು ಎಂದರೆ ಮೊದಲೆರಡು ಪ್ರಶ್ನೆ ಲೆಕ್ಕಕ್ಕಿಲ್ಲ.

ಲಾರಿಯಲ್ಲಿ ಎರಡು ಬಗೆ. ಇಡೀ ಲಾರಿ ನಮ್ಮದೇ ಆದರೆ ಸಾಮಾನು ಹತ್ತಿದ ಗಾಡಿಯಲ್ಲೇ ಕೊನೆಯವರೆಗೂ ಬರುತ್ತದೆ, ದುಡ್ಡು ಹೆಚ್ಚು. ಹಲವು ಮನೆಗಳ ಸಾಮಾನಿನ ಜೊತೆ ಹಂಚಿಕೊಂಡರೆ ಅಗ್ಗ. ಆದರೆ ದಾರಿಯ ಗೋದಾಮುಗಳಲ್ಲಿ ಇಳಿಸಿ ಬೇರೆ ಗಾಡಿಗೆ ಏರಿಸುತ್ತಾರೆ. ದಿನವೂ ಹೆಚ್ಚು ಹಿಡಿಯುತ್ತದೆ, ಪ್ರತಿ ಸಲ ಎತ್ತಿಳಿಸುವಾಗಲೂ ಪೆಟ್ಟು ಬೀಳುತ್ತದೆ. ಗಾಜು, ಕನ್ನಡಿ, ಹಳೆಯ ಮರದ ಸಾಮಾನು ಇರುವವರು ಇಡೀ ಲಾರಿ ಮಾಡಿಕೊಂಡು, ಬಾಗಿಲಿಗೆ ತಮ್ಮದೇ ಬೀಗ ಹಾಕಿ, ಬೀಗದ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಮೈಸೂರಿಗೆ ಬಂದಾಗ ಬಾಯಿಮಾತಿನ ಒಪ್ಪಂದದಲ್ಲಿ ಸಾಮಾನು ಕಳಿಸಿದ್ದೆವು. ಲಾರಿ ಮನೆ ಮುಂದೆ ನಿಂತಮೇಲೆ ಇನ್ನೂ ಹನ್ನೆರಡು ಸಾವಿರ ಕೊಟ್ಟರಷ್ಟೇ ಇಳಿಸುತ್ತೇವೆ ಎಂದರು. ಮಳೆ ಬರುತ್ತಿತ್ತು, ಕಂಕುಳಲ್ಲಿ ಮಗು ಅಳುತ್ತಿತ್ತು. ಕೊಟ್ಟೆವು. ಈ ಸಲ ಬರವಣಿಗೆಯಲ್ಲಿ ಇಲ್ಲದ ಒಂದು ಮಾತನ್ನೂ ನಂಬಲಿಲ್ಲ. ಬಿಚ್ಚುವುದು, ಕಟ್ಟುವುದು, ಹತ್ತಿಸುವುದು, ಇಳಿಸುವುದು, ಮಹಡಿಗೆ ಹೊರುವುದು, ಟೋಲ್, ತೆರಿಗೆ ಎಲ್ಲ ಸೇರಿ ಎಷ್ಟು ಎಂದು ಬರೆಸಿಕೊಂಡೆವು. ಮುಂಗಡ ಸ್ವಲ್ಪ, ಹತ್ತಿಸಿದಾಗ ಒಂದಿಷ್ಟು, ಇಳಿಸಿದ ಮೇಲೆ ಉಳಿದದ್ದು ಎಂದು ಹಣವನ್ನು ಮೂರು ಕಂತಾಗಿ ಒಡೆದೆವು. ಹೆಸರು ಕೇಳಿದ ಸಂಸ್ಥೆಗಳ ಹೆಸರಿಗೇ ಒಂದಕ್ಷರ ಹೆಚ್ಚುಕಡಿಮೆ ಮಾಡಿಕೊಂಡವರೂ ಈ ವ್ಯವಹಾರದಲ್ಲಿದ್ದಾರೆ. ಹಾಗಾಗಿ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ಹೆಸರು, ವಿಳಾಸ ತಾಳೆ ನೋಡಿದೆವು, ಗೋದಾಮಿಗೆ ಖುದ್ದಾಗಿ ಹೋಗಿ ಬಂದೆವು.

2007ರ ರಸ್ತೆ ಸಾಗಣೆ ಕಾಯ್ದೆ ನಮ್ಮಂಥವರ ಕೈಲಿರುವ ಆಯುಧ. ಸಾಮಾನು ಒಪ್ಪಿಸಿಕೊಂಡವರು ರಸೀದಿ ಕೊಡಲೇಬೇಕು. ಲಾರಿಯವರು ಅದನ್ನು ಎಲ್‌ಆರ್ ಅಥವಾ ಬಿಲ್ಟಿ ಎನ್ನುತ್ತಾರೆ. ಸಾಮಾನು ಕಳೆದರೆ, ಒಡೆದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡಲು ಬರುವುದಿಲ್ಲ. ಸಾಮಾನಿನ ಬೆಲೆಯನ್ನು ಹತ್ತಿಸುವ ಮುನ್ನವೇ ಬರೆದು ಘೋಷಿಸಬೇಕು. ಸಾಗಣೆ ವಿಮೆಯ ಪಾಲಿಸಿ ವಿಮಾ ಕಂಪನಿಯದ್ದೇ, ನಮ್ಮ ಹೆಸರಿನಲ್ಲೇ ಇದೆಯೆ ಎಂದೂ ನೋಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಇನ್ನೊಂದು ಅನುಕೂಲವಾಗಿದೆ. ದೂರುದಾರರು ತಾವು ಈಗ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಹಳೆಯ ಊರಿಗೆ ಓಡಬೇಕಿಲ್ಲ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಬಳಸಿದ ಮನೆಸಾಮಾನಿಗೆ ಜಿಎಸ್‌ಟಿ ನಿಯಮದಲ್ಲಿ ಇ–ವೇ ಬಿಲ್‌ನಿಂದ ವಿನಾಯಿತಿ ಇದೆ. ಆದರೂ ಡ್ರೈವರ್ ಕೈಯಲ್ಲಿ ನಮ್ಮ ಸಹಿಯ ಪಟ್ಟಿ, ಮಾರಾಟದ ಸರಕಲ್ಲ ಎಂಬ ಒಕ್ಕಣೆ, ಆಧಾರ್ ಪ್ರತಿ, ವರ್ಗಾವಣೆ ಆದೇಶದ ಪ್ರತಿ ಇದ್ದರೆ ಚೆಕ್‌ಪೋಸ್ಟಿನಲ್ಲಿ ಮಾತು ಬೆಳೆಯುವುದಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ವರ್ಗಾವಣೆಯ ಅನುದಾನವಾಗಿ ಕೊನೆಯ ತಿಂಗಳ ಮೂಲವೇತನದ ಶೇ 80 ಸಿಗುತ್ತದೆ, ಸಾಗಣೆ ವೆಚ್ಚ ಬೇರೆ. ಆ ವೆಚ್ಚ ಕೈಗೆ ಬರಬೇಕಾದರೂ ಬೇಕಾಗುವುದು ಸರಿಯಾದ ಬಿಲ್ಲು, ರಸೀದಿಗಳೇ.

ಡಬ್ಬದ ಮೇಲೆ ಅಂಕಿ, ಪುಸ್ತಕದಲ್ಲಿ ಹೆಸರು

ಸಂತೆಪೇಟೆಯಿಂದ ಗೋಣಿ, ಹುರಿ, ಅಗಲದ ಟೇಪು ತಂದೆವು. ಡಬ್ಬಗಳ ಮೇಲೆ ಏನಿದೆ ಎಂದು ಬರೆಯಲಿಲ್ಲ. "ಬೆಳ್ಳಿ ಪಾತ್ರೆ" ಎಂದು ಬರೆದ ಡಬ್ಬ ದಾರಿಯುದ್ದಕ್ಕೂ ಎಲ್ಲರನ್ನೂ ಕರೆಯುತ್ತದೆ. ಮೂರು ಮಗ್ಗುಲಲ್ಲೂ ದಪ್ಪ ಅಂಕಿ ಮಾತ್ರ ಹಾಕಿ, ಒಳಗಿದ್ದದ್ದನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಒಟ್ಟು 57 ಡಬ್ಬ. ಒಡವೆ, ಮೂಲ ದಾಖಲೆ, ಅಂಕಪಟ್ಟಿಗಳು ಲಾರಿ ಹತ್ತಲಿಲ್ಲ, ನಮ್ಮ ಕೈಚೀಲದಲ್ಲೇ ಬಂದವು.

ಪುಸ್ತಕಗಳನ್ನು ಚಿಕ್ಕ ಡಬ್ಬಗಳಲ್ಲೇ ತುಂಬಬೇಕು, ದೊಡ್ಡ ಡಬ್ಬದ ತಳ ಕಿತ್ತು ಬರುತ್ತದೆ. ಫ್ರಿಜ್ಜನ್ನು ಒಂದು ದಿನ ಮೊದಲೇ ಆರಿಸಿ, ಮಂಜು ಕರಗಿಸಿ, ಒರೆಸಿ ಒಣಗಿಸಬೇಕು. ನೆಟ್ಟಗೇ ಸಾಗಿಸಬೇಕು, ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಬೇಕು. ಮುಂದಿನ ಬಾಗಿಲಿನ ಬಟ್ಟೆ ಒಗೆಯುವ ಯಂತ್ರಕ್ಕೆ ಕೊಂಡಾಗ ಕೊಟ್ಟ ಉದ್ದ ಬೋಲ್ಟುಗಳನ್ನು ಹಿಂದಿನಿಂದ ಬಿಗಿಯದಿದ್ದರೆ ಒಳಗಿನ ಡ್ರಮ್ಮು ದಾರಿಯುದ್ದಕ್ಕೂ ಬಡಿದುಕೊಳ್ಳುತ್ತದೆ. ಗ್ರೈಂಡರಿನ ಕಲ್ಲುಗಳನ್ನು ಹೊರತೆಗೆದು ಬೇರೆಯಾಗಿ ಸುತ್ತಬೇಕು. ಮಂಚ ಬಿಚ್ಚಿದ ಸ್ಕ್ರೂಗಳನ್ನು ಚೀಲದಲ್ಲಿ ಹಾಕಿ ಅದೇ ಮಂಚದ ಕಾಲಿಗೆ ಕಟ್ಟಬೇಕು. ಟಿ.ವಿ. ಹಿಂದಿನ ತಂತಿಗಳನ್ನು ಕೀಳುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಂಡರೆ ಅಲ್ಲಿ ಮತ್ತೆ ಜೋಡಿಸುವುದು ಸುಲಭ.

ಅಡುಗೆಮನೆಯನ್ನು ಕಡೆಗೆ ಕಟ್ಟಬೇಕು, ಆದರೆ ಖಾಲಿ ಮಾಡುವುದು ಒಂದು ತಿಂಗಳು ಮೊದಲೇ ಶುರುವಾಗಬೇಕು. ಮಾರ್ಚ್ ಪೂರ್ತಿ ನಾವು ದಿನಸಿ ತರಲಿಲ್ಲ. ಡಬ್ಬದ ತಳದಲ್ಲಿದ್ದ ಹೆಸರುಬೇಳೆ, ಅವಲಕ್ಕಿ, ಶಾವಿಗೆ ಒಂದೊಂದಾಗಿ ಮುಗಿದವು. ಎಣ್ಣೆ, ತುಪ್ಪ, ಜೇನು ಲಾರಿ ಹತ್ತಬಾರದು, ಒಂದು ಬಾಟಲಿ ಸೋರಿದರೆ ಹತ್ತು ಡಬ್ಬ ಹಾಳು. ಅತ್ತೆಯ ಉಪ್ಪಿನಕಾಯಿ ಭರಣಿಯನ್ನು ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಹಳೆಯ ಪಂಚೆಗಳನ್ನು ತುರುಕಿ ಕಳಿಸಿದೆವು. ಉಪ್ಪಿನಕಾಯಿ ನೆರೆಹೊರೆಯ ಐದು ಮನೆಗೆ ಹೋಯಿತು.

ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲಾಗಲಿ ರೈಲಿನಲ್ಲಾಗಲಿ ಒಯ್ಯುವಂತಿಲ್ಲ. ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ಹಿಂಪಡೆದು, ವರ್ಗಾವಣೆ ಚೀಟಿ ತೆಗೆದುಕೊಂಡರೆ ಹೊಸ ಊರಿನಲ್ಲಿ ಅದರ ಮೇಲೆ ಸಂಪರ್ಕ ಸಿಗುತ್ತದೆ. ದೆಹಲಿಯ ನಮ್ಮ ಬಡಾವಣೆಯಲ್ಲಿದ್ದದ್ದು ಪೈಪಿನ ಗ್ಯಾಸ್. ಸಿಲಿಂಡರಿಗೆಂದು ಮಾಡಿದ ಒಲೆಯ ಜೆಟ್‌ಗಳ ತೂತು ಅದಕ್ಕೆ ಸಾಲದು, ಬದಲಾಯಿಸಬೇಕು. ಅದಾಗುವವರೆಗೆ ಒಲೆ ಹೊತ್ತಿಸುವಂತಿಲ್ಲ. ಅಮ್ಮ ಮೊದಲ ದಿನವೇ ಕೇಳಿದ ಪ್ರಶ್ನೆಯ ತೂಕ ಆಗ ಗೊತ್ತಾಯಿತು.

ಮೇಣದ ಮೇಲೆ ನಿಂತ ಮೆಟ್ಟಿಲುಗಳು

ನಮ್ಮ ಮನೆಯಲ್ಲಿ ಘನ ಅಡಿಯ ಲೆಕ್ಕಕ್ಕೆ ಸಿಗದ ಒಂದು ವಸ್ತು ಇತ್ತು, ಅತ್ತೆಯ ವೀಣೆ. ಬೀಟೆಮರದ್ದು, ಅವರ ಮದುವೆಗೂ ಮೊದಲಿನದು. ಪ್ಯಾಕರ್ಸ್‌ನ ಹುಡುಗ ಅದನ್ನು ನೋಡಿ, "ಕ್ರೇಟ್ ಮಾಡ್ತೀವಿ ಮೇಡಂ, ಏನೂ ಆಗಲ್ಲ" ಎಂದ. ಅತ್ತೆ ಮಾತಾಡಲಿಲ್ಲ, ಒಳಗೆ ಹೋದರು. ರಾತ್ರಿ ಊಟ ಮಾಡುವಾಗ ಹೇಳಿದರು: "ಮೇಳ ಮೇಣದ ಮೇಲೆ ನಿಂತಿರುತ್ತಮ್ಮ. ಲಾರಿ ಬಿಸಿಲಿಗೆ ಕರಗಿದರೆ ಮೆಟ್ಟಿಲೆಲ್ಲ ಜಾರಿಬಿಡುತ್ತೆ."

ವೀಣೆಯ 24 ಲೋಹದ ಮೆಟ್ಟಿಲುಗಳು ಮರಕ್ಕೆ ನೇರವಾಗಿ ಕೂತಿರುವುದಿಲ್ಲ. ಜೇನುಮೇಣ ಬೆರೆತ ಕಪ್ಪು ಮೇಣದ ದಿಂಡಿನ ಮೇಲೆ, ಒಂದೊಂದು ಸ್ವರಸ್ಥಾನವನ್ನೂ ಕಿವಿಯಿಂದ ಅಳೆದು ಅವುಗಳನ್ನು ಕೂರಿಸುತ್ತಾರೆ. ಅದಕ್ಕೇ ಮೇಳ ಕಟ್ಟುವುದು ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಮೈಸೂರಿನಿಂದ ಹೊರಡುವ ಲಾರಿ ಬೆಂಗಳೂರಿಗೆ ಬಂದು, ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್ ದಾಟಿ ನಾಗಪುರ ಮುಟ್ಟುತ್ತದೆ. ಮುಂದೆ ಪೆಂಚ್ ಕಾಡಿನ ಅಂಚಿನಲ್ಲಿ ಸಿವನಿ, ಆಮೇಲೆ ಸಾಗರ, ಝಾನ್ಸಿ, ಗ್ವಾಲಿಯರ್, ಆಗ್ರಾ. ಶ್ರೀನಗರದಿಂದ ಕನ್ಯಾಕುಮಾರಿವರೆಗಿನ 3,745 ಕಿಲೋಮೀಟರ್ ಹೆದ್ದಾರಿಯ ಅರ್ಧಕ್ಕಿಂತ ಹೆಚ್ಚಿನ ಭಾಗ ನಮ್ಮ ಸಾಮಾನಿನ ಕೆಳಗೆ ಹಾದುಹೋಗುತ್ತದೆ. ವಿದರ್ಭದ ಬಿಸಿಲು ಆ ಹೊತ್ತಿಗೆ 40 ಡಿಗ್ರಿ ದಾಟಿರುತ್ತದೆ. ಮುಚ್ಚಿದ ತಗಡಿನ ಪೆಟ್ಟಿಗೆಯೊಳಗಿನ ಕಾವು ಇನ್ನೂ ಹೆಚ್ಚು.

ಆ ಬಿಸಿಲು ವೀಣೆಯೊಂದಕ್ಕೇ ಅಲ್ಲ. ಮಾತ್ರೆ, ಔಷಧ, ಬ್ಯಾಟರಿ, ಮೇಣದಬತ್ತಿ, ಹಳೆಯ ಫೋಟೊ ಆಲ್ಬಮ್ಮು ಯಾವುದನ್ನೂ ಬೇಸಿಗೆಯ ಲಾರಿಯಲ್ಲಿ ಹಾಕಬಾರದು. ಮೈಸೂರಿನ ತೇವಕ್ಕೆ ಹೊಂದಿಕೊಂಡ ಮರ ಉತ್ತರದ ಒಣಹವೆಗೆ ಬಿರಿಯುತ್ತದೆ ಎಂಬುದೂ ಲೆಕ್ಕದಲ್ಲಿರಬೇಕು. ಕುಂಡದಲ್ಲಿದ್ದ ತುಳಸಿ, ದಾಸವಾಳಗಳು ಆರು ದಿನದ ಕತ್ತಲೆಯನ್ನು ತಾಳುವುದಿಲ್ಲ. ಗಿಡಗಳನ್ನು ಪಕ್ಕದ ಮನೆಗೆ ಕೊಟ್ಟು, ಒಣಗಿದ ತುಳಸಿ ತೆನೆಗಳನ್ನು ಕಾಗದದಲ್ಲಿ ಮಡಿಸಿಟ್ಟುಕೊಂಡೆವು.

ವೀಣೆ ನಮ್ಮ ಜೊತೆ ರೈಲಿನಲ್ಲಿ ಬರುವುದೆಂದು ಅಂದು ರಾತ್ರಿಯೇ ತೀರ್ಮಾನವಾಯಿತು. ಅತ್ತೆ ತಂತಿಗಳನ್ನು ತಾವೇ ಸಡಿಲಿಸಿದರು. ಬುರುಡೆಯನ್ನು ಬಿಚ್ಚಿ ಹತ್ತಿಯ ದುಪ್ಪಟಿಯಲ್ಲಿ ಬೇರೆಯಾಗಿ ಸುತ್ತಿದರು. ಆ ಒಂದು ತೀರ್ಮಾನದ ನಂತರ ಅವರು ಬದಲಾದರು. ಅಲ್ಲಿಯವರೆಗೆ ನಾವು ಏನು ಕೇಳಿದರೂ "ನಿಮಗೆ ಹೇಗೆ ಅನುಕೂಲವೋ ಹಾಗೆ" ಎನ್ನುತ್ತಿದ್ದವರು ಮರುದಿನ ತಾವೇ ಬೀರು ತೆಗೆದು, ಕೊಡುವ ಸೀರೆ ಯಾವುದು, ಒಯ್ಯುವ ಸೀರೆ ಯಾವುದು ಎಂದು ಎರಡು ರಾಶಿ ಮಾಡಿದರು.

ಮನೆ ಬದಲಾಯಿಸುವಾಗ ಹಿರಿಯರನ್ನೂ ಮಕ್ಕಳನ್ನೂ ಸಾಮಾನಿನ ಜೊತೆ ಎಣಿಸುತ್ತೇವೆ, ತೀರ್ಮಾನ ಮಾಡುವವರ ಜೊತೆ ಎಣಿಸುವುದಿಲ್ಲ. ಆ ವಯಸ್ಸಿನಲ್ಲಿ ಊರು ಬಿಡುವುದೆಂದರೆ ಹಾಲಿನವನ ದನಿ, ದೇವಸ್ಥಾನದ ದಾರಿ, ಮಾತಾಡಿಸುವ ನಾಲ್ಕು ಜನ, ನಂಬಿದ ಡಾಕ್ಟರು ಎಲ್ಲವನ್ನೂ ಒಟ್ಟಿಗೆ ಬಿಡುವುದು. ಅವರ ಒಂದು ವಸ್ತುವನ್ನು ಅವರ ಮಾತಿನಂತೆ ಒಯ್ದರೆ ಆ ನಷ್ಟ ತುಂಬುವುದಿಲ್ಲ, ಆದರೆ ಹೋಗುತ್ತಿರುವವರಲ್ಲಿ ತಾವೂ ಒಬ್ಬರು ಎಂಬುದು ಅವರಿಗೆ ಗೊತ್ತಾಗುತ್ತದೆ. ಮಗಳಿಗೂ ಒಂದು ಡಬ್ಬ ಕೊಟ್ಟೆವು, 57ನೆಯದು. ಏನು ತುಂಬಿದಳೆಂದು ನಾವು ಕೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಅಂಕಿಯ ಮುಂದೆ "ನನ್ನದು" ಎಂದಷ್ಟೇ ಬರೆದಳು.

ಹಿಂದಿನಿಂದ ಎಣಿಕೆ

60 ದಿನ ಮೊದಲು: ರೈಲಿನ ಮುಂಗಡ ಟಿಕೆಟ್ ತೆರೆಯುವ ದಿನ. ಮೈಸೂರಿನಿಂದ ಹಜರತ್ ನಿಜಾಮುದ್ದೀನ್‌ಗೆ ನೇರ ಹೋಗುವ ಸ್ವರ್ಣಜಯಂತಿ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಮಾತ್ರ. ಹಾಗಾಗಿ ನಮ್ಮ ಎಲ್ಲ ಎಣಿಕೆಗೂ ಗೂಟ ಅದೇ ದಿನ. ಮನೆಯ ಕರಾರು ಮುಗಿದಿರಬೇಕು. ಹಳೆಯ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಆಗಲೇ ಮಾತಾಡಿಕೊಳ್ಳಬೇಕು.

30 ದಿನ ಮೊದಲು: ಮೂರು ಕಡೆಯಿಂದ ಸಾಗಣೆಯ ದರ ತರಿಸಿಕೊಳ್ಳುವುದು. ತಿಂಗಳ ಕೊನೆ, ಏಪ್ರಿಲ್, ಮೇ ಎಂದರೆ ಲಾರಿಗಳಿಗೆ ಬಿಡುವಿಲ್ಲ. ತಿಂಗಳ ನಡುವಿನ ದಿನ ಹಿಡಿದರೆ ದರ ಮಾತಾಡಬಹುದು. ನಮ್ಮ ಕಡೆ ಆಷಾಢದಲ್ಲಿ ಮನೆ ಬದಲಾಯಿಸುವವರು ಕಡಿಮೆ. ಆ ನಂಬಿಕೆ ಇಲ್ಲದವರಿಗೆ ಅದೂ ಅನುಕೂಲದ ಕಾಲವೇ.

15 ದಿನ ಮೊದಲು: ಟಿ.ಸಿ., ಮೇಲುರುಜು, ಆಸ್ಪತ್ರೆಯ ಕಡತ. ಅತ್ತೆಯ ಬಿ.ಪಿ. ಮಾತ್ರೆ ಎರಡು ತಿಂಗಳಿಗಾಗುವಷ್ಟು ತಂದು, ಔಷಧದ ಮೂಲ ಹೆಸರನ್ನು ಡಾಕ್ಟರಿಂದ ಬರೆಸಿಕೊಂಡೆವು. ಹಳೆಯ ವಿಳಾಸಕ್ಕೆ ಬರುವ ಪತ್ರಗಳನ್ನು ಮರುರವಾನಿಸುವಂತೆ ಅಂಚೆ ಕಚೇರಿಗೆ ಬರೆದುಕೊಡುವುದೂ ಆಗಲೇ.

7 ದಿನ ಮೊದಲು: ಗ್ಯಾಸ್ ಒಪ್ಪಿಸುವುದು, ವಿದ್ಯುತ್ ಮೀಟರಿನ ಫೋಟೊ, ಬಾಕಿ ಬಿಲ್ಲು, ಇಂಟರ್‌ನೆಟ್ ರದ್ದು.

ಹೋದ ಮೇಲೆ: ಆಧಾರ್ ವಿಳಾಸ, ಆಮೇಲೆ ಬ್ಯಾಂಕು. ಮತದಾರರ ಪಟ್ಟಿಗೆ ನಮೂನೆ 8. ವಾಸ ಬದಲಾದವರಿಗೆ 2022ರಿಂದ ಅದೇ ಅರ್ಜಿ. ಪಡಿತರ ಚೀಟಿ ಇರುವವರು ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಡಿ ಹೊಸ ಊರಿನ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು.

ಅನ್ನ ಬೆಂದ ರಾತ್ರಿ

ಅತ್ತೆ ಪಂಚಾಂಗ ನೋಡಿದರು. ನಮ್ಮ ರೈಲಿನ ದಿನ ಅವರಿಗೆ ಒಪ್ಪಿಗೆಯಾಗಲಿಲ್ಲ. ಎರಡು ದಿನ ಮೊದಲೇ ಒಳ್ಳೆಯ ಗಳಿಗೆಯಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಸೀರೆಯನ್ನು ಗಂಟು ಕಟ್ಟಿ ಪಕ್ಕದ ಮನೆಯಲ್ಲಿ ಪ್ರಸ್ಥಾನ ಇಟ್ಟರು. ಹಿರಿಯರು ಮಾಡಿಟ್ಟ ಉಪಾಯ ಅದು. ಆ ಗಂಟು ಹೊರಟಿತೆಂದರೆ ಮನೆ ಹೊರಟಂತೆಯೇ, ಜನ ಆಮೇಲೆ ಹೋಗಬಹುದು.

ಲಾರಿ ಹೋದ ಮರುದಿನ ನಾವು ಹೊರಟೆವು. ಮೂರನೇ ದರ್ಜೆಯ ಎ.ಸಿ.ಯಲ್ಲಿ ಒಬ್ಬರಿಗೆ 40 ಕಿಲೋ ಸಾಮಾನಿಗೆ ಅವಕಾಶ. ನಾಲ್ವರ ಪಾಲಿನ ಹೆಚ್ಚಿನ ಭಾಗವನ್ನು ಅಮ್ಮ ಹೇಳಿದ ಮೊದಲ ದಿನದ ಪೆಟ್ಟಿಗೆ, ಹಾಸಿಗೆ ಸುರುಳಿಗಳಿಗೆ ಇಟ್ಟೆವು. ಪೆಟ್ಟಿಗೆಯಲ್ಲಿ ಇಂಡಕ್ಷನ್ ಒಲೆ, ಅದಕ್ಕೆ ಹೊಂದುವ ಆಯಸ್ಕಾಂತ ಹಿಡಿಯುವ ತಳದ ಕುಕ್ಕರು, ಒಂದು ಪಾತ್ರೆ, ಸೌಟು, ನಾಲ್ಕು ತಟ್ಟೆ ಇದ್ದವು. ಎರಡು ಸೇರು ಅಕ್ಕಿ, ತೊಗರಿಬೇಳೆ, ಹುಣಸೆ, ಉಪ್ಪು, ಸಾರಿನ ಪುಡಿ, ಚಟ್ನಿಪುಡಿ, ದೀಪ, ಬತ್ತಿ, ಬೆಂಕಿಪೊಟ್ಟಣ ಜೊತೆಗಿದ್ದವು. ಸುತ್ತಿಗೆ, ಸ್ಕ್ರೂಡ್ರೈವರ್, ಬಲ್ಬು, ಬಟ್ಟೆ ಒಣಹಾಕುವ ಹಗ್ಗವನ್ನೂ ಸೇರಿಸಿದ್ದೆವು. ಲಾರಿಯ ಸಾಮಾನು ಬರುವವರೆಗೆ ನಾಲ್ಕು ದಿನ ಸಂಸಾರ ನಡೆದದ್ದು ಇಷ್ಟರಲ್ಲೇ. ವೀಣೆ ಮೇಲಿನ ಬರ್ತಿನಲ್ಲಿ ಮಲಗಿ ಬಂತು. ನಮ್ಮವರು ಅದರ ಪಕ್ಕದಲ್ಲಿ ಮುದುಡಿಕೊಂಡು ಎರಡು ರಾತ್ರಿ ಕಳೆದರು.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಗೋಡೆಗೆ ಹೊಸ ಸುಣ್ಣದ ವಾಸನೆ, ಖಾಲಿ ಕೋಣೆಯಲ್ಲಿ ನಮ್ಮ ಮಾತೇ ಪ್ರತಿಧ್ವನಿಯಾಗುತ್ತಿತ್ತು. ಅತ್ತೆ ಅಡುಗೆಕಟ್ಟೆ ಒರೆಸಿ, ದೀಪ ಹಚ್ಚಿ, ಪ್ರಸ್ಥಾನದ ಗಂಟಿನ ಅಕ್ಕಿಯಿಂದಲೇ ಒಂದು ಹಿಡಿ ಕುಕ್ಕರಿಗೆ ಹಾಕಿದರು. ಮಗಳು ಸೀಟಿ ಎಣಿಸಿದಳು. ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು ಬಿಸಿ ಅನ್ನ, ಸಾರು ಉಂಡೆವು. ಅಮ್ಮನಿಗೆ ಫೋನ್ ಮಾಡಿದೆ. "ಅನ್ನ ಆಯ್ತಾ?" ಎಂದಳು. ಆಯಿತು ಎಂದೆ. "ಹಾಗಿದ್ರೆ ಮಲ್ಕೊ, ಮಿಕ್ಕಿದ್ದು ನಾಳೆ" ಎಂದು ಇಟ್ಟಳು.

ಎರಡು ತಿಂಗಳಿನಿಂದ ಅತ್ತೆ ನಮ್ಮನ್ನು ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: "ಮತ್ತೆ ಮೈಸೂರಿಗೆ ಯಾವಾಗ ಬರೋದು?" ಆ ರಾತ್ರಿ ಹಾಸಿಗೆ ಸುರುಳಿ ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು. ಅದೇ ಪ್ರಶ್ನೆ ಬರುತ್ತದೆಂದು ನಾನು ಉತ್ತರ ಹುಡುಕುತ್ತಿದ್ದೆ.

"ಇಲ್ಲಿ ಬೆಳಿಗ್ಗೆ ಹಾಲು ಎಷ್ಟು ಹೊತ್ತಿಗೆ ಬರುತ್ತಮ್ಮ?" ಎಂದರು.

ಬೀದಿ ತಿರುವಿನಲ್ಲಿ ಮದರ್ ಡೇರಿಯ ಬೂತ್ ಇದೆ, ಅಲ್ಲಿ ಪಾತ್ರೆ ಹಿಡಿದರೆ ಬಿಡಿ ಹಾಲು ಕೊಡುತ್ತಾರೆ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಇದ್ದ ಒಂದೇ ಪಾತ್ರೆಯನ್ನು ತೊಳೆದು ಬಾಗಿಲ ಪಕ್ಕದಲ್ಲಿ ಬೋರಲು ಹಾಕಿದ ಸದ್ದು ಕೇಳಿಸಿತು.